ನಿಕಾಹ್ ಓದಿಸಲು ಯಾರನ್ನು ಕರೆಯೋಣ?

ರಮಝಾನ್ ಮುಗಿದು ಶವ್ವಾಲ್ ಬಂತೆಂದರೆ ನಮ್ಮ ಮಸೀದಿಯ ಕಚೇರಿಯ ಮೇಜಿನ ಮೇಲೆ ಮದುವೆಯ ಅರ್ಜಿಗಳು ಬಂದು ಬೀಳುತ್ತವೆ. ಹಝ್ರತ್ ಆಯಿಶಾ(ರ)ರ ನಿಕಾಹ್ ಶವ್ವಾಲ್‌ನಲ್ಲಿಯೇ ನಡೆದಿತ್ತು. ಈ ತಿಂಗಳು ಮದುವೆಗೆ ಒಳ್ಳೆಯದಲ್ಲ ಎಂಬ ಅಂದಿನ ಅರಬರ ಮೂಢನಂಬಿಕೆಗೆ ಅದೇ ಉತ್ತರವಾಯಿತು. ಈ ಬಾರಿ ಶವ್ವಾಲ್‌ನ ಎರಡನೇ ಜುಮಾದಲ್ಲಿ, ಖುತ್ಬಾಕ್ಕೆ ಮೊದಲಿನ ಕನ್ನಡ ಪ್ರವಚನದಲ್ಲಿ, ನಾವು ನಿಕಾಹ್‌ನ ವಿಷಯವನ್ನೇ ತೆಗೆದುಕೊಂಡೆವು.

ನಮಾಝ್ ಮುಗಿದ ಮೇಲೆ ಒಬ್ಬ ತಂದೆ ಹತ್ತಿರ ಬಂದು ಸಂಕೋಚದಿಂದ ಹೇಳಿದರು: "ಹಝ್ರತ್, ನೀವು ತಪ್ಪು ತಿಳಿಯಬಾರದು. ಮಗಳ ನಿಕಾಹ್ ಓದಿಸಲು ದೂರದಿಂದ ದೊಡ್ಡ ಮೌಲಾನಾ ಒಬ್ಬರನ್ನು ಕರೆಸಬೇಕೆಂದು ಹುಡುಗನ ಮನೆಯವರು ಹೇಳುತ್ತಿದ್ದಾರೆ. ಕರೆಸಬಹುದಾ?"

ಕರೆಸಬಹುದು. ಅದರಲ್ಲಿ ನಮಗೆ ಬೇಸರವೂ ಇಲ್ಲ. ಆದರೆ ಯಾರನ್ನು ಕರೆಯಬೇಕು, ಏನು ನೋಡಿ ಕರೆಯಬೇಕು ಎಂಬುದನ್ನು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿ ಮುಗಿಸಲಾಗುವುದಿಲ್ಲ. ಅಂದು ಹೇಳಿದ್ದನ್ನೂ ಹೇಳಲು ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಿಕಾಹ್ ಆಗುವುದು ಓದಿಸುವವರಿಂದಲ್ಲ. ಒಂದು ಕಡೆಯಿಂದ ಪ್ರಸ್ತಾಪ, ಇನ್ನೊಂದು ಕಡೆಯಿಂದ ಸ್ವೀಕಾರ, ಅದನ್ನು ಕಿವಿಯಾರೆ ಕೇಳಿದ ಇಬ್ಬರು ಸಾಕ್ಷಿಗಳು, ವಧುವಿನ ಒಪ್ಪಿಗೆ, ಅವಳ ಹಕ್ಕಾದ ಮಹರ್. ಇವೇ ನಿಕಾಹ್‌ನ ಕಂಬಗಳು. ಶಾಫಿಈ ಮಝ್‌ಹಬ್‌ನಲ್ಲಿ ವಧುವಿನ ವಲೀ ಇಲ್ಲದೆ ನಿಕಾಹ್ ಇಲ್ಲ. ಹನಫೀ ಮಝ್‌ಹಬ್‌ನಲ್ಲಿ ಪ್ರೌಢಳೂ ಬುದ್ಧಿವಂತಳೂ ಆದ ಹೆಣ್ಣು ತಾನೇ ಒಪ್ಪಂದ ಮಾಡಿಕೊಂಡರೂ ಸಿಂಧುವಾಗುತ್ತದೆ, ಆದರೂ ವಲೀ ಮುಂದೆ ನಿಂತು ನಡೆಸುವುದೇ ಉತ್ತಮ ಕ್ರಮ. ಎರಡೂ ಮಝ್‌ಹಬ್‌ಗಳ ಕಿತಾಬ್‌ಗಳಲ್ಲಿ ಹುಡುಕಿದರೂ 'ಖಾಝಿ ಇರಲೇಬೇಕು, ಮೌಲಾನಾ ಇರಲೇಬೇಕು' ಎಂಬ ಷರತ್ತು ಸಿಗುವುದಿಲ್ಲ. ಖುತ್ಬಾ ಓದುವುದು ಸುನ್ನತ್. ಅದನ್ನು ಹುಡುಗಿಯ ತಂದೆಯೇ ಓದಿದರೂ ಆಯಿತು.

ಇದು ಕೆಲವರಿಗೆ ಆಶ್ಚರ್ಯವಾಗಬಹುದು. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಪ್ರಸಂಗ ನೆನಪಿಸಿಕೊಳ್ಳಿ. ಅವರು ಮದೀನಾದಲ್ಲಿ ಅನ್ಸಾರಿ ಮಹಿಳೆಯೊಬ್ಬರನ್ನು ವಿವಾಹವಾದರು. ಪ್ರವಾದಿ(ಸ)ರಿಗೆ ಸುದ್ದಿ ತಿಳಿದದ್ದು ನಂತರ, ಅವರ ಮೇಲೆ ಹಳದಿ ಸುಗಂಧದ ಗುರುತು ಕಂಡು ಏನು ವಿಷಯ ಎಂದು ವಿಚಾರಿಸಿದಾಗ! ಇಡೀ ಲೋಕದಲ್ಲಿ ನಿಕಾಹ್ ಓದಿಸಲು ಅವರಿಗಿಂತ ಶ್ರೇಷ್ಠರು ಯಾರಿದ್ದರು? ಅದೇ ಊರಿನಲ್ಲಿ, ಕೂಗಳತೆಯ ದೂರದಲ್ಲಿ ಇದ್ದರು. ಆದರೂ ಅಬ್ದುರ್ರಹ್ಮಾನ್(ರ) ಅವರನ್ನು ಕರೆಯಲಿಲ್ಲ. ನನ್ನನ್ನೇಕೆ ಕರೆಯಲಿಲ್ಲ ಎಂದು ಪ್ರವಾದಿ(ಸ) ಆಕ್ಷೇಪಿಸಲೂ ಇಲ್ಲ. ಮಹರ್ ಎಷ್ಟು ಕೊಟ್ಟೆ ಎಂದು ಕೇಳಿದರು. ಖರ್ಜೂರದ ಬೀಜದ ತೂಕದ ಚಿನ್ನ ಎಂದು ಉತ್ತರ ಬಂತು. ಬರಕತ್‌ಗಾಗಿ ದುಆ ಮಾಡಿ, ಒಂದು ಕುರಿಯಿಂದಲಾದರೂ ಸರಿ, ವಲೀಮಾ ಮಾಡು ಎಂದರು. ಯಾರು ಓದಿಸಿದರು ಎಂಬ ಪ್ರಶ್ನೆ ಈ ಹದೀಸ್‌ನಲ್ಲಿ ಬರುವುದೇ ಇಲ್ಲ. ಪ್ರವಾದಿವರ್ಯರು ಕೇಳಿದ್ದು ಮಹರ್.

ನಾವು ನೋಡುವ ಮದುವೆಗಳಲ್ಲಿ ಇದು ತಿರುಗುಮುರುಗಾಗಿದೆ. ಆಮಂತ್ರಣ ಪತ್ರಿಕೆಯಲ್ಲಿ ನಿಕಾಹ್ ಓದಿಸುವವರ ಹೆಸರು ಬಿರುದುಗಳೊಂದಿಗೆ ದಪ್ಪ ಅಕ್ಷರದಲ್ಲಿರುತ್ತದೆ. ಮಹರ್ ಎಷ್ಟೆಂದು ಕೇಳಿದರೆ ಹುಡುಗನ ಅಣ್ಣ ಹುಡುಗನ ಮಾವನ ಮುಖ ನೋಡುತ್ತಾನೆ, ಮಾವ "ನೀವೇ ಏನಾದರೂ ಹಾಕಿಬಿಡಿ ಹಝ್ರತ್" ಎನ್ನುತ್ತಾರೆ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಬ್ರಿಟಿಷ್ ಸರಕಾರ 1864ರಲ್ಲಿ ಖಾಝಿಗಳನ್ನು ನೇಮಿಸುವುದರಿಂದ ಹಿಂದೆ ಸರಿಯಿತು. ಕೆಲವು ಪ್ರಾಂತಗಳ ಮುಸ್ಲಿಮರಲ್ಲಿ ಸರಕಾರ ನೇಮಿಸಿದ ಖಾಝಿಯೇ ನಿಕಾಹ್‌ಗೆ ಬರಬೇಕೆಂಬ ರೂಢಿ ಇದ್ದುದರಿಂದ 1880ರಲ್ಲಿ ಖಾಝಿ ಕಾಯ್ದೆ ಬಂತು. ಮೊದಲಿಗೆ ಅನ್ವಯವಾದದ್ದು ಮದ್ರಾಸ್ ಪ್ರಾಂತಕ್ಕೆ, ಅಂದರೆ ಆಗ ಅದರಲ್ಲಿ ಸೇರಿದ್ದ ನಮ್ಮ ಮಂಗಳೂರು ಸೀಮೆಗೂ. ಆ ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಹೀಗೆ ನೇಮಕವಾದ ಖಾಝಿಗೆ ನ್ಯಾಯಾಧೀಶನ ಅಧಿಕಾರವಿಲ್ಲ, ಮದುವೆಗೆ ಅವರ ಹಾಜರಿ ಕಡ್ಡಾಯವಲ್ಲ, ಬೇರೆಯವರು ಆ ಕೆಲಸ ಮಾಡುವುದಕ್ಕೆ ಅಡ್ಡಿಯೂ ಇಲ್ಲ.

ಹಾಗಾದರೆ ನಮ್ಮಂಥವರನ್ನು ಕರೆಯುವುದೇ ಬೇಡವೇ? ಓದುಗರು ಹಾಗೆ ತಿಳಿದರೆ ನಮ್ಮ ಹೊಟ್ಟೆಪಾಡಿಗೆ ಕಲ್ಲು ಬಿದ್ದೀತು ಎಂದು ತಮಾಷೆ ಮಾಡಬಹುದು. ಆದರೆ ಕರೆಯುವುದಕ್ಕೆ ಕಾರಣವಿದೆ. ಮದುವೆಯ ದಿನ ಮನೆಯವರ ತಲೆಯಲ್ಲಿ ನೂರು ವಿಷಯಗಳಿರುತ್ತವೆ: ಬಿರಿಯಾನಿ, ಬಸ್ಸು, ಮುನಿಸಿಕೊಂಡ ಭಾವ. ಆ ಗಡಿಬಿಡಿಯಲ್ಲಿ ಷರತ್ತುಗಳೆಲ್ಲ ಪೂರ್ತಿಯಾದವೇ ಎಂದು ನೋಡಲು, ಎರಡೂ ಕಡೆಗೆ ಸೇರದ, ವಿಷಯ ತಿಳಿದ ಒಬ್ಬರು ಬೇಕು. ಕೇಳಬೇಕಾದ್ದನ್ನು ಕೇಳುವುದು, ಆಗಬಾರದ್ದನ್ನು ತಡೆಯುವುದು, ಆದದ್ದನ್ನು ಬರೆದಿಡುವುದು ಅವರ ಕೆಲಸ. ದನಿ ಇಂಪಾಗಿದ್ದರೆ ಸಂತೋಷ, ಆದರೆ ದನಿಗಾಗಿ ಕರೆಯುವುದಲ್ಲ.

ಕೇಳುವುದು ಎಂದೆವಲ್ಲ, ಆ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು.

ಈ ಮಸೀದಿಗೆ ಬಂದು ನಮಗೆ ಎರಡು ವರ್ಷವಾಗಿರಬೇಕು. ಶಾದಿ ಮಹಲಿನಲ್ಲಿ ಒಂದು ನಿಕಾಹ್. ಝುಹರ್ ನಮಾಝ್ ಆಗಿತ್ತು, ಜನ ಹಸಿದಿದ್ದರು, ದೇಗಿನ ಮುಚ್ಚಳ ತೆಗೆದ ವಾಸನೆ ಒಳಗೆ ಬರುತ್ತಿತ್ತು. ನಮ್ಮಲ್ಲಿ ದಖನಿ ಮನೆಗಳ ಕ್ರಮ ನಿಮಗೆ ಗೊತ್ತೇ ಇದೆ: ವಕೀಲ್ ಆದವರು ಇಬ್ಬರು ಸಾಕ್ಷಿಗಳೊಂದಿಗೆ ಹುಡುಗಿಯ ಕೋಣೆಗೆ ಹೋಗಿ, ಇಂಥವರ ಮಗ ಇಂಥವನಿಗೆ ಇಷ್ಟು ಮಹರ್‌ಗೆ ನಿಕಾಹ್ ಮಾಡಿಕೊಡಲು ಅನುಮತಿ ಇದೆಯೇ ಎಂದು ಕೇಳಿ, ರುಜು ಹಾಕಿಸಿಕೊಂಡು ಬರುತ್ತಾರೆ. ಅಂದು ವಕೀಲ್ ಆಗಿದ್ದವರು ಹುಡುಗಿಯ ಚಿಕ್ಕಪ್ಪ. ಹೋದವರು ಒಂದು ನಿಮಿಷದೊಳಗೆ ತಿರುಗಿ ಬಂದರು. ಇಷ್ಟು ಬೇಗ ಹೇಗಾಯಿತು ಎಂದು ನಮ್ಮ ಮನಸ್ಸಿನಲ್ಲಿ ಒಂದು ಕ್ಷಣ ಬಂತು. ರಿಜಿಸ್ಟರಿನಲ್ಲಿ ರುಜು ಇತ್ತು. ಖುತ್ಬಾ ಓದಿದೆವು, ಹುಡುಗ ಕಬೂಲ್ ಎಂದ, ದುಆ ಆಯಿತು, ಖರ್ಜೂರ ಹಂಚಿದರು.

ಒಂದು ತಿಂಗಳೂ ಆಗಿರಲಿಲ್ಲ, ಆ ಹುಡುಗಿ ತಾಯಿಯೊಂದಿಗೆ ನಮ್ಮ ಮನೆಗೆ ಬಂದಳು. ನಮ್ಮ ಮನೆಯವರ ಪಕ್ಕ ಕೂತು, ತಲೆ ಎತ್ತದೆ ಹೇಳಿದಳು: "ಚಾಚಾ ಪೆನ್ನು ಕೈಗೆ ಕೊಟ್ಟು ಇಲ್ಲಿ ಹಾಕು ಅಂದ್ರು. ಬೇಡ ಅಂತ ಮೊದಲೇ ಮನೇಲಿ ಹೇಳಿದ್ದೆ. ನನ್ನ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ ಹಝ್ರತ್."

ವರ್ಷದೊಳಗೆ ಖುಲಾ ಆಯಿತು. ಎರಡು ಮನೆಗಳೂ ನೊಂದವು. ಆ ಹುಡುಗನ ತಪ್ಪೂ ಏನಿರಲಿಲ್ಲ.

ಒಪ್ಪಿಗೆಯ ವಿಷಯದಲ್ಲಿ ನಮ್ಮ ಜನರಲ್ಲಿ ಒಂದು ಅರ್ಧ ತಿಳುವಳಿಕೆ ಇದೆ. ಕನ್ಯೆಯ ಮೌನವೇ ಸಮ್ಮತಿ ಎಂಬ ಹದೀಸ್ ಎಲ್ಲರಿಗೂ ಬಾಯಿಪಾಠ. ಆದರೆ ಆ ಹದೀಸ್‌ನ ಮೊದಲ ಭಾಗ ಅವಳನ್ನು ಕೇಳಬೇಕು ಎಂಬುದು. ಕೇಳಿದ ಮೇಲಿನ ಮೌನ ಸಮ್ಮತಿಯೇ ಹೊರತು ಕೇಳದೆ ಇದ್ದಾಗಿನ ಮೌನವಲ್ಲ. ಹನಫೀ ಕಿತಾಬ್‌ಗಳು ಇನ್ನೂ ಮುಂದೆ ಹೋಗುತ್ತವೆ: ವಲೀ ಅಥವಾ ವಲೀ ಕಳುಹಿಸಿದವರಲ್ಲದೆ ಬೇರೆಯವರು ಕೇಳಿದರೆ ಮೌನ ಸಾಲದು, ಅವಳು ಬಾಯಿಬಿಟ್ಟು ಹೇಳಬೇಕು. ದನಿ ತೆಗೆದು ಅತ್ತರೆ ಅದನ್ನು ಒಪ್ಪಿಗೆ ಎಂದು ಎಣಿಸಲಾಗದು. ಶಾಫಿಈ ಕಿತಾಬ್‌ಗಳಲ್ಲಿ ಕನ್ಯೆಯ ವಿಷಯದಲ್ಲಿ ತಂದೆಗೆ ಹೆಚ್ಚಿನ ಅಧಿಕಾರ ಹೇಳಲಾಗಿದೆ, ಅಲ್ಲಿಯೂ ಅವಳನ್ನು ಕೇಳುವುದು ಸುನ್ನತ್. ಹಿಂದೆ ಮದುವೆಯಾಗಿದ್ದ ಖನ್ಸಾ ಬಿಂತ್ ಖಿದಾಮ್(ರ) ಎಂಬ ಸಹಾಬಿ ಮಹಿಳೆಯನ್ನು ಅವರ ತಂದೆ ಅವರಿಗೆ ಇಷ್ಟವಿಲ್ಲದ ಕಡೆ ಕೊಟ್ಟಾಗ, ಅವರು ಬಂದು ದೂರು ಕೊಟ್ಟರು. ಪ್ರವಾದಿ(ಸ) ಆ ನಿಕಾಹ್ ರದ್ದು ಮಾಡಿದರು. ಬುಖಾರಿಯಲ್ಲಿದೆ.

ಆ ಘಟನೆಯ ನಂತರ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ನಿಕಾಹ್‌ಗೆ ಕನಿಷ್ಠ ಒಂದು ವಾರ ಮೊದಲು, ತಾಯಿಯೋ ಅಕ್ಕನೋ ಜೊತೆಯಲ್ಲಿ ಇರುವಂತೆ, ಹುಡುಗಿಯಿಂದ ನೇರವಾಗಿ ಕೇಳಿ ತಿಳಿಯುತ್ತೇವೆ. ಮದುವೆಯ ದಿನ ಕೇಳುವುದು ಕೇಳಿದಂತೆಯೇ ಅಲ್ಲ. ಮೆಹಂದಿ ಹಚ್ಚಿ, ಒಡವೆ ತೊಡಿಸಿ, ಐನೂರು ಜನರನ್ನು ಕೂರಿಸಿ ಆದ ಮೇಲೆ ಯಾವ ಹುಡುಗಿ ಬೇಡ ಎಂದಾಳು? ಇದಕ್ಕೆ ಮುನಿದುಕೊಂಡು ಬೇರೆಯವರನ್ನು ಕರೆದ ಮನೆಗಳೂ ಇವೆ. ಹೋಗಲಿ. ಆದರೆ ನೀವು ಯಾರನ್ನೇ ಕರೆಯಿರಿ, "ಹುಡುಗಿಯನ್ನು ನೀವು ಯಾವಾಗ ಕೇಳುತ್ತೀರಿ?" ಎಂದು ಅವರನ್ನು ಮೊದಲೇ ವಿಚಾರಿಸಿ. ಆ ಪ್ರಶ್ನೆಯೇ ಅವರಿಗೆ ಹೊಸದಾಗಿ ಕೇಳಿಸಿದರೆ ಇನ್ನೊಬ್ಬರನ್ನು ನೋಡಿ.

ದೂರದಿಂದ ಕರೆಸುವ ದೊಡ್ಡವರ ವಿಷಯದಲ್ಲಿ ನಮ್ಮ ಅಂಜಿಕೆ ಇಲ್ಲೇ. ಅವರ ಇಲ್ಮ್ ನಮಗಿಂತ ಹತ್ತು ಪಟ್ಟು ಇರಬಹುದು. ಆದರೆ ಅವರು ಅಸರ್‌ಗೆ ಕಾರಿನಲ್ಲಿ ಬಂದು ಮಗ್ರಿಬ್‌ಗೆ ಇನ್ನೊಂದು ಊರಿನಲ್ಲಿರಬೇಕು. ಹುಡುಗನಿಗೆ ಬೇರೆ ಊರಿನಲ್ಲಿ ಹೆಂಡತಿ ಇದ್ದಾಳೆಯೇ, ಹುಡುಗಿಯ ಹಿಂದಿನ ಮದುವೆ ಮುಗಿದು ಇದ್ದತ್ ಕಳೆದಿದೆಯೇ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಮೊಹಲ್ಲಾದ ಇಮಾಮರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ಜಮಾಅತ್‌ನ ಯಾವುದಾದರೂ ಹಿರಿಯರಿಗೆ ಗೊತ್ತಿರುತ್ತದೆ. ದೊಡ್ಡವರು ಬಂದರೆ ಖುತ್ಬಾ ಓದಲಿ, ದುಆ ಮಾಡಲಿ, ನಾಲ್ಕು ಒಳ್ಳೆಯ ಮಾತು ಹೇಳಲಿ. ವಿಚಾರಣೆ ಮತ್ತು ರಿಜಿಸ್ಟರ್ ಊರಿನ ಜಮಾಅತ್‌ನ ಕೈಯಲ್ಲೇ ಇರಲಿ. ಆ ತಂದೆಗೆ ನಾವು ಕೊಟ್ಟ ಉತ್ತರವೂ ಇದೇ.

ಹುಡುಗ ಬೇರೆ ಊರಿನವನಾದರೆ ಅವನ ಜಮಾಅತ್‌ನಿಂದ ಪತ್ರ ತರಿಸಿ. ಹಿಂದೆ ಮದುವೆಯಾಗಿದ್ದವರಾದರೆ ತಲಾಖ್ ಅಥವಾ ಖುಲಾದ ಕಾಗದ, ಇಲ್ಲವೇ ಮರಣ ಪ್ರಮಾಣಪತ್ರ ನೋಡಬೇಕು, ತಾರೀಖು ಎಣಿಸಬೇಕು. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಗರ್ಭಿಣಿಗೆ ಹೆರಿಗೆಯವರೆಗೆ. ತಲಾಖ್ ಆದವಳಿಗೆ ಹನಫೀಗಳಲ್ಲಿ ಮೂರು ಮುಟ್ಟು, ಶಾಫಿಈಗಳಲ್ಲಿ ಮೂರು ಶುದ್ಧಿಯ ಅವಧಿ. ಇದ್ದತ್‌ನೊಳಗೆ ಓದಿಸಿದ ನಿಕಾಹ್ ನಿಕಾಹ್ ಆಗುವುದಿಲ್ಲ, ಓದಿಸಿದವರು ಎಷ್ಟೇ ದೊಡ್ಡವರಾದರೂ.

ವಯಸ್ಸಿನ ವಿಷಯದಲ್ಲಿ ಆಧಾರ್ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರವನ್ನೂ ಕೇಳುವವರು ಒಳ್ಳೆಯವರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ತುಂಬದವರ ಮದುವೆ ನಡೆಸಿಕೊಟ್ಟವರಿಗೂ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಆರಂಭದಿಂದಲೇ ಅಸಿಂಧು. "ಎರಡು ತಿಂಗಳು ಕಮ್ಮಿ ಅಷ್ಟೇ ಹಝ್ರತ್" ಎಂದು ಬಂದವರಿಗೆ ಎರಡು ತಿಂಗಳು ಬಿಟ್ಟು ಬನ್ನಿ ಎನ್ನುತ್ತೇವೆ.

ಇನ್ನು ಮಹರ್. ನಿಕಾಹ್ ಓದಿಸುವವರು ಬಾಯಿ ಬಿಡಬೇಕಾದ ಜಾಗ ಇದು, ನಮ್ಮಲ್ಲಿ ಹೆಚ್ಚಿನವರು ಸುಮ್ಮನಿರುವ ಜಾಗವೂ ಇದೇ. ಕರಾವಳಿಯ ಮನೆಗಳಲ್ಲಿ ಇಷ್ಟು ಪವನ್ ಚಿನ್ನ ಎಂದು ನಿಕಾಹ್‌ನ ಹೊತ್ತಿನಲ್ಲೇ ಕೊಡುವ ಒಳ್ಳೆಯ ರೂಢಿ ಇದೆ. ನಮ್ಮ ಈ ಕಡೆ ಕೆಲವು ಮನೆಗಳು ಇಂದಿಗೂ ಅಜ್ಜನ ಕಾಲದ ಲೆಕ್ಕದಂತೆ 786 ರೂಪಾಯಿ ಎಂದು ಬರೆಸಲು ಬರುತ್ತಾರೆ. ಹನಫೀ ಮಝ್‌ಹಬ್‌ನಲ್ಲಿ ಮಹರ್ ಹತ್ತು ದಿರ್ಹಮ್‌ಗಿಂತ ಕಡಿಮೆ ಇರಕೂಡದು, ಅಂದರೆ ಸುಮಾರು 30.6 ಗ್ರಾಂ ಬೆಳ್ಳಿ. ಚಿನ್ನಬೆಳ್ಳಿ ಅಂಗಡಿಯಲ್ಲಿ ಒಮ್ಮೆ ದರ ಕೇಳಿ ನೋಡಿ, ಆ 786 ಅದರ ಹತ್ತಿರಕ್ಕೂ ಬರುವುದಿಲ್ಲ. 'ಮಹರೇ ಫಾತಿಮಿ' ಎಂದು ಬರೆಸುವವರಿದ್ದಾರೆ, ಬಹಳ ಒಳ್ಳೆಯದು. ಆದರೆ ಅಷ್ಟೇ ಬರೆದರೆ ಮುಂದೆ ಜಗಳ. ಅದು 500 ದಿರ್ಹಮ್, ಸುಮಾರು 1,530 ಗ್ರಾಂ ಬೆಳ್ಳಿ. ಗ್ರಾಂ ಲೆಕ್ಕವನ್ನೇ ಬರೆಸಿ. ಎಷ್ಟು ಈಗ ಕೊಟ್ಟದ್ದು, ಎಷ್ಟು ನಂತರ ಕೊಡಬೇಕಾದ್ದು ಎಂಬುದನ್ನೂ ಬೇರೆ ಬೇರೆಯಾಗಿ ಬರೆಸಿ. ಬಡ ಹುಡುಗನ ಮೇಲೆ ಭಾರ ಹೊರಿಸಿ ಎಂದು ನಾವು ಹೇಳುತ್ತಿಲ್ಲ. ಏನೂ ಇಲ್ಲದ ಸಹಾಬಿಯೊಬ್ಬರಿಗೆ ಕಬ್ಬಿಣದ ಉಂಗುರವಾದರೂ ಹುಡುಕಿ ತಾ ಎಂದವರು, ಅದೂ ಸಿಗದಾಗ ಅವರಿಗೆ ಬರುವ ಕುರ್‌ಆನ್‌ನ ಸೂರಗಳ ಮೇಲೆ ನಿಕಾಹ್ ಮಾಡಿಕೊಟ್ಟವರು ನಮ್ಮ ಪ್ರವಾದಿ(ಸ). ಹುಡುಗಿಗೆ 786 ಬರೆಸಿ ಹುಡುಗನಿಗೆ 'ಜೋಡೆ ಕಿ ರಖಂ' ಎಂದು ಲಕ್ಷಗಳನ್ನು ಎಣಿಸಿಕೊಳ್ಳುವವರ ಬಗ್ಗೆ ನಮ್ಮ ಮಾತು. ವರದಕ್ಷಿಣೆ ಪಡೆದದ್ದು ತಿಳಿದರೆ ನಿಕಾಹ್‌ಗೆ ಬರುವುದಿಲ್ಲ ಎಂದು ಹೇಳುವ ಧೈರ್ಯವಿರುವ ಖತೀಬರು ನಿಮ್ಮ ಊರಿನಲ್ಲಿದ್ದರೆ ಅವರನ್ನೇ ಹಿಡಿದುಕೊಳ್ಳಿ.

ಸಂಬಂಧ ಕುದುರಿಸಿದ ಬ್ರೋಕರನೇ ಟೋಪಿ ಹಾಕಿಕೊಂಡು ನಿಕಾಹ್ ಓದಿಸುವುದನ್ನೂ ನೋಡಿದ್ದೇವೆ. ನಿಕಾಹ್ ಸಿಂಧುವಾಗಬಹುದು. ಆದರೆ ಮದುವೆ ನಡೆದರೆ ಮಾತ್ರ ಹಣ ಸಿಗುವ ಮನುಷ್ಯ ಮದುವೆ ನಿಲ್ಲಿಸುವ ಪ್ರಶ್ನೆ ಕೇಳುತ್ತಾನೆಯೇ?

ನಮ್ಮದು ಮಲೆನಾಡು. ಇಲ್ಲಿ ದಖನಿ ಮಾತಾಡುವ ಹನಫೀ ಮನೆಗಳೂ ಘಟ್ಟದ ಕೆಳಗಿನಿಂದ ಬಂದು ನೆಲೆಸಿದ ಬ್ಯಾರಿ ಶಾಫಿಈ ಮನೆಗಳೂ ಒಂದೇ ಬೀದಿಯಲ್ಲಿವೆ, ಇತ್ತೀಚೆಗೆ ಹೆಣ್ಣು ಕೊಟ್ಟು ತರುವುದೂ ನಡೆದಿದೆ. ಅಲ್ಲಿ ಯಾರು ಓದಿಸಬೇಕು ಎಂಬುದೇ ಒಮ್ಮೊಮ್ಮೆ ರಗಳೆ. "ನಮ್ಮ ಉಸ್ತಾದರೇ ಆಗಬೇಕು" ಎಂದು ಒಬ್ಬರು, "ನಮ್ಮ ಖಾಝಿ ಸಾಹೇಬರೇ" ಎಂದು ಇನ್ನೊಬ್ಬರು. ಯಾರು ಓದಿಸಿದರೂ ಚಿಂತೆಯಿಲ್ಲ, ಎರಡೂ ಮಝ್‌ಹಬ್‌ಗಳ ಷರತ್ತು ಪೂರ್ತಿಯಾಗುವಂತೆ ನಡೆಸಿದರೆ ಸಾಕು. ವಲೀ ಖುದ್ದಾಗಿ ಕೂರಲಿ, ತಾನೇ ಹೇಳಲಿ ಅಥವಾ ಓದಿಸುವವರಿಗೆ ಸ್ಪಷ್ಟವಾಗಿ ವಕಾಲತ್ ಕೊಡಲಿ. ಸಾಕ್ಷಿಗಳು ಇಬ್ಬರೂ ನಂಬಿಕಸ್ಥ ಗಂಡಸರಿರಲಿ, ಏಕೆಂದರೆ ಒಬ್ಬ ಗಂಡು ಇಬ್ಬರು ಹೆಣ್ಣುಮಕ್ಕಳ ಸಾಕ್ಷ್ಯ ಹನಫೀಗಳಲ್ಲಿ ನಡೆಯುತ್ತದೆ, ಶಾಫಿಈಗಳಲ್ಲಿ ಇಲ್ಲ. ಇಷ್ಟಾದರೆ ಯಾರೂ ನಂತರ ಬೆರಳು ತೋರಿಸುವಂತಿಲ್ಲ. ಅಂದಹಾಗೆ, ಕಬೂಲ್ ಎಂದು ಮೂರು ಸಲ ಹೇಳಲೇಬೇಕೆಂದಿಲ್ಲ, ಒಂದು ಸಲ ಸಾಕು. ಉರ್ದು ಅರಬಿ ಬಾರದ ಹುಡುಗ "ನಾನು ಒಪ್ಪಿದ್ದೇನೆ" ಎಂದು ಕನ್ನಡದಲ್ಲಿ ಹೇಳಿದರೂ ನಿಕಾಹ್ ಆಗುತ್ತದೆ. ತನಗೆ ಅರ್ಥವಾಗದ ಮಾತನ್ನು ಗಿಳಿಯಂತೆ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಬರೆದಿಡುವ ವಿಷಯಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಒಬ್ಬ ವಿಧವೆ ತಾಯಿ ನಮ್ಮ ಕಚೇರಿಗೆ ಬಂದರು. ಗಂಡ ತೀರಿಕೊಂಡಿದ್ದರು. ಅವರ ಹಣಕ್ಕಾಗಿ ಅರ್ಜಿ ಹಾಕಿದರೆ, ನೀವು ಅವರ ಪತ್ನಿ ಎನ್ನುವುದಕ್ಕೆ ದಾಖಲೆ ಕೊಡಿ ಎಂದಿದ್ದರು. ನಿಕಾಹ್ ನಡೆದದ್ದು ಇಪ್ಪತ್ತೈದು ವರ್ಷಗಳ ಹಿಂದೆ, ಇದೇ ಮೊಹಲ್ಲಾದಲ್ಲಿ. ನಮ್ಮ ಹಳೆಯ ರಿಜಿಸ್ಟರುಗಳನ್ನೆಲ್ಲ ಇಳಿಸಿ ಧೂಳು ಕೊಡವಿ ನೋಡಿದೆವು. ಇಲ್ಲ. ಅಂದು ಊರಿಗೆ ಬಂದಿದ್ದ ಅತಿಥಿ ಮೌಲಾನಾ ಒಬ್ಬರಿಂದ ಪ್ರೀತಿಯಿಂದ ಓದಿಸಿದ್ದರಂತೆ. ಅವರು ತಮ್ಮದೇ ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದರು. ಆ ಪುಸ್ತಕ ಎಲ್ಲಿದೆಯೋ ಅಲ್ಲಾಹನೇ ಬಲ್ಲ. ಸಾಕ್ಷಿಗಳಲ್ಲಿ ಒಬ್ಬರು ಖಬರಸ್ತಾನದಲ್ಲಿ, ಇನ್ನೊಬ್ಬರ ವಿಳಾಸ ಗೊತ್ತಿಲ್ಲ. ಕೊನೆಗೆ ಮದುವೆಯ ಒಂದು ಫೋಟೊ, ಅಂದು ಊಟ ಮಾಡಿದ ಇಬ್ಬರು ವೃದ್ಧರ ಅಫಿಡವಿಟ್, ಮಕ್ಕಳ ಶಾಲಾ ದಾಖಲೆ ಇವನ್ನೆಲ್ಲ ಹೊತ್ತು ಆ ತಾಯಿ ಒಂದೂವರೆ ವರ್ಷ ಅಲೆದರು. ಮೂವರು ಮಕ್ಕಳನ್ನು ಹೆತ್ತ ಮೇಲೆ ತಾನು ಹೆಂಡತಿ ಎಂದು ಸಾಬೀತು ಮಾಡಬೇಕಾದ ಅವಮಾನ ಎಂಥದ್ದೆಂದು ಅವರು ಹೇಳಲಿಲ್ಲ, ನಮಗೆ ಕಂಡಿತು.

ಹಾಗಾಗಿ ನಿಕಾಹ್ ಓದಿಸುವವರನ್ನು ಗೊತ್ತುಮಾಡುವಾಗ ರಿಜಿಸ್ಟರ್ ಯಾರದು, ಎಲ್ಲಿ ಉಳಿಯುತ್ತದೆ, ಪ್ರತಿ ಯಾವಾಗ ಸಿಗುತ್ತದೆ ಎಂದು ಕೇಳಿ. ಹೆಸರುಗಳು ಆಧಾರ್‌ನಲ್ಲಿ ಇರುವ ಹಾಗೆಯೇ ಬರಬೇಕು. ಮನೆಯಲ್ಲಿ ಬೇಬಿ ಎಂದು ಕರೆದರೆ ಅದನ್ನು ನಿಕಾಹ್‌ನಾಮೆಯಲ್ಲಿ ಬರೆಸಬೇಡಿ. ಒಂದು ಪ್ರತಿ ಹುಡುಗಿಯ ಕೈಗೇ ಹೋಗಲಿ, ಅವಳ ಅತ್ತೆಯ ಬೀರುವಿಗಲ್ಲ. ಇದರ ಮೇಲೆ ಸರಕಾರಿ ನೋಂದಣಿಯೂ ಆಗಬೇಕು. ಯಾವ ಧರ್ಮದವರೇ ಆಗಲಿ ಮದುವೆಯ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ 1976ರ ಕಾಯ್ದೆ ಇದೆ. ವಕ್ಫ್ ಮಂಡಳಿಯಿಂದಲೇ ವಿವಾಹ ಪ್ರಮಾಣಪತ್ರ ಕೊಡಿಸಲು ರಾಜ್ಯ ಸರಕಾರ 2023ರಲ್ಲಿ ಆದೇಶ ಮಾಡಿತ್ತು, 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆದ್ದರಿಂದ ನಿಕಾಹ್‌ನಾಮೆ ಹಿಡಿದು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿಬನ್ನಿ. ಮದುವೆಯಾದ ಹೊಸತರಲ್ಲೇ ಹೋಗಿ. ಸಾಕ್ಷಿಗಳು ಊರಲ್ಲೇ ಇರುತ್ತಾರೆ, ಹುಡುಗ ಇನ್ನೂ ದುಬೈಗೆ ಹೋಗಿರುವುದಿಲ್ಲ.

ಹದಿಯಾದ ಬಗ್ಗೆ ಕೇಳಲು ಜನ ನಾಚುತ್ತಾರೆ. ನಾಚಬೇಡಿ. ಜಮಾಅತ್‌ಗೆ ಎಷ್ಟು, ಓದಿಸುವವರಿಗೆ ಎಷ್ಟು ಎಂದು ಮೊದಲೇ ಕೇಳಿ ತಿಳಿಯಿರಿ. ಬಡವರಾದರೆ ಹಾಗೆಯೇ ಹೇಳಿ. ಅವರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳದೆ ಓದಿಸುವ ಇಮಾಮರು ಎಷ್ಟೋ ಜನ ಇದ್ದಾರೆ. ಕವರಿನ ದಪ್ಪ ನೋಡಿ ದುಆದ ಉದ್ದ ಬದಲಾಗುವವರೂ ಇದ್ದಾರೆ, ಅವರ ವಿಷಯ ಬಿಡಿ.

ಮೊದಲು ಹೇಳಿದ ಆ ತಂದೆ ಮರುದಿನ ಮತ್ತೆ ಬಂದರು. ದೊಡ್ಡ ಮೌಲಾನಾ ಖುತ್ಬಾ ಓದುವುದು, ಉಳಿದದ್ದು ನಮ್ಮ ಜಮಾಅತ್‌ನದು ಎಂದು ಎರಡೂ ಮನೆಯವರು ಒಪ್ಪಿದ್ದರು. ಮಗಳೊಂದಿಗೆ ಮಾತಾಡಬೇಕಲ್ಲ ಎಂದೆವು. "ಈಗಲೇ ಮಾಡಿಕೊಡುತ್ತೇನೆ" ಎಂದು ಅಲ್ಲೇ ಮನೆಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು. ತಾಯಿ ಎತ್ತಿ ಮಗಳಿಗೆ ಕೊಟ್ಟರು. ಸಲಾಂ ಹೇಳಿ, ಹುಡುಗನ ಹೆಸರು ಹೇಳಿ, ಈ ಸಂಬಂಧಕ್ಕೆ ಮನಸ್ಸು ಇದೆಯೇ ಅಮ್ಮಾ ಎಂದು ಕೇಳಿದೆವು. ಇದೆ ಎಂದಳು, ಗಟ್ಟಿಯಾಗಿಯೇ. ಒಂದು ಕ್ಷಣ ಬಿಟ್ಟು, "ಹಝ್ರತ್, ಮಹರ್ ಎಷ್ಟು ಅಂತ ನಿಮಗೆ ಗೊತ್ತಾ? ನನಗೆ ಯಾರೂ ಹೇಳಿಲ್ಲ" ಎಂದಳು.

ಫೋನ್ ಸ್ಪೀಕರಿನಲ್ಲಿತ್ತು. ನಾವು ತಂದೆಯ ಮುಖ ನೋಡಿದೆವು. ಅವರು ಫೋನ್ ಕೈಗೆತ್ತಿಕೊಂಡು, "ಸಂಜೆ ಹುಡುಗನ ಮನೆಗೆ ಹೋಗಿ ಮಾತಾಡಿ ಬರ್ತೀನಿ ಮಗಾ, ಬಂದು ಮೊದಲು ನಿನಗೇ ಹೇಳ್ತೀನಿ" ಎಂದರು. ನಾವು ಅರ್ಜಿಯಲ್ಲಿ ಮಹರ್‌ನ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ತುಂಬಿದೆವು.